ಸದ್ದಿಲ್ಲದ ಗೇಮಿಂಗ್ ಪಿಸಿ ಬೇಕಾ? ಕೂಲರ್‌ಗಿಂತ ಮೊದಲು ವ್ಯಾಟ್ ನೋಡಿ

ಗೇಮಿಂಗ್ ಪಿಸಿ ಅಂದಮೇಲೆ ಸದ್ದು ಇದ್ದೇ ಇರುತ್ತದೆ ಅಂತ ಬಹಳ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಪಿಸಿಗೆ ಅಂತ ಬೇರೆ ರೂಮ್ ಎಲ್ಲಿರುತ್ತದೆ? ಹಾಲ್‌ನ ಮೂಲೆಯಲ್ಲೋ, ಮಲಗುವ ರೂಮಿನಲ್ಲೋ ಇರುತ್ತದೆ. ಹುಡುಗ ರಾತ್ರಿ ಆಟಕ್ಕೆ ಕೂತರೆ ಅಜ್ಜಿ ಅಲ್ಲೇ ಪಕ್ಕದಲ್ಲಿ ಮಲಗಿರುತ್ತಾರೆ. ಅವರ ನಿದ್ದೆ ಕೆಡಿಸದ ಪಿಸಿ ಕಟ್ಟಬಹುದು. ಅದಕ್ಕೆ ಜಾಸ್ತಿ ದುಡ್ಡೂ ಬೇಕಿಲ್ಲ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ಗೊತ್ತಿರಬೇಕು ಅಷ್ಟೆ.

ಈಚೆಗೆ ಅಕ್ಕನ ಮಗ ಎಸ್‌ಪಿ ರೋಡ್‌ನ ಒಂದು ಕಂಪ್ಯೂಟರ್ ಅಂಗಡಿಯಿಂದ ಪಿಸಿಯ ಕೊಟೇಶನ್ ತಂದು ತೋರಿಸಿದ. ಕೋರ್ ಐ7 14700ಕೆ ಪ್ರೊಸೆಸರ್, ಅದನ್ನು ತಣ್ಣಗಿಡಲು 360 ಎಂಎಂ ಲಿಕ್ವಿಡ್ ಕೂಲರ್, ಮುಂದೆ ಪೂರ್ತಿ ಗಾಜಿರುವ ಕೇಸ್, ತುಂಬಾ ಆರ್‌ಜಿಬಿ ಲೈಟ್. "ಮಾಮ, ಲಿಕ್ವಿಡ್ ಹಾಕಿದ್ರೆ ಸೌಂಡೇ ಬರಲ್ಲ ಅಂದ್ರು" ಅಂದ. ಈ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ಇದು ತಪ್ಪು.

ಲಿಕ್ವಿಡ್ ಕೂಲರ್ ಬಿಸಿಯನ್ನು ಮಾಯ ಮಾಡುವುದಿಲ್ಲ. ಪ್ರೊಸೆಸರ್ ಹತ್ತಿರ ಇರುವ ಬಿಸಿಯನ್ನು ಕೇಸಿಗೆ ಕೂರಿಸಿದ ರೇಡಿಯೇಟರ್ ಅನ್ನುವ ಜಾಲರಿ ತನಕ ದ್ರವದ ಮೂಲಕ ಸಾಗಿಸುತ್ತದೆ. ಅಲ್ಲಿಂದ ಅದನ್ನು ಹೊರಗೆ ತಳ್ಳುವುದು ಮತ್ತೆ ಫ್ಯಾನ್‌ಗಳೇ. ಮೇಲಿಂದ ಪಂಪ್ ಒಂದು ಸೇರಿಕೊಳ್ಳುತ್ತದೆ. ಆಟ ಆಡದೆ ಸುಮ್ನೆ ಬ್ರೌಸರ್ ತೆರೆದು ಕೂತಾಗಲೂ ಅದು ಓಡುತ್ತಲೇ ಇರುತ್ತದೆ. ರಾತ್ರಿ ಫ್ಯಾನ್ ನಿಧಾನವಾದಾಗ ಕಿವಿಗೆ ಬೀಳುವುದು ಅದರ ಗುಂಯ್ ಸದ್ದೇ. ಪಂಪು ದ್ರವ ಸುತ್ತುವ ಇಡೀ ಲೂಪಿನಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಜೋಡಿಸಿದರೆ ಗಾಳಿಗುಳ್ಳೆ ಅಲ್ಲೇ ಸೇರಿ ಗುಳುಗುಳು ಅನ್ನುತ್ತದೆ. ಒಳ್ಳೆಯ ಏರ್ ಕೂಲರ್ (ಅಂದರೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್, ಅದಕ್ಕೊಂದು ಫ್ಯಾನ್) ಇದರ ಅರ್ಧ ಬೆಲೆಗೂ ಕಡಿಮೆಗೆ ಸಾಮಾನ್ಯವಾಗಿ ಸಿಗುತ್ತದೆ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ. ಕೆಟ್ಟರೆ ಬದಲಾಯಿಸಿದರೆ ಆಯಿತು.

ಸದ್ದು ಹುಟ್ಟುವುದು ಬಿಸಿಯಿಂದ. ಬಿಸಿ ಹುಟ್ಟುವುದು ವ್ಯಾಟ್‌ನಿಂದ. ಆದ್ದರಿಂದ ಕೂಲರ್ ಆರಿಸುವ ಮೊದಲು ವ್ಯಾಟ್ ಕಡಿಮೆ ಮಾಡಿ. 14700ಕೆ ಪೂರ್ತಿ ಲೋಡಿನಲ್ಲಿ 253 ವ್ಯಾಟ್ ತನಕ ಎಳೆಯುತ್ತದೆ. ಗೇಮ್‌ನಲ್ಲಿ ಅಷ್ಟು ಬಳಸುವುದಿಲ್ಲ ನಿಜ, ಆದರೂ ಕಡಿಮೆಯೇನಲ್ಲ. ಅದರ ಬದಲು ಎಎಂಡಿಯ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ನೋಡಿ, ಬಂದಿದ್ದು 2023ರಲ್ಲಿ. ಪೆಟ್ಟಿಗೆಯ ಮೇಲೆ 120 ವ್ಯಾಟ್ ಅಂತಿದ್ದರೂ ಆಟ ಆಡುವಾಗ ಹೆಚ್ಚುಕಡಿಮೆ ಅದರ ಅರ್ಧದಲ್ಲೇ ಮುಗಿಸುತ್ತದೆ. ಚಿಪ್ಪಿನೊಳಗೇ 96 ಎಂಬಿ ವೇಗದ ಮೆಮೊರಿ (ಎಲ್3 ಕ್ಯಾಶ್) ಇರುವುದರಿಂದ ಆಟಗಳಲ್ಲಿ ಹಿಂದೆ ಬೀಳುವುದೂ ಇಲ್ಲ. ಬಜೆಟ್ ಕಡಿಮೆ ಇದ್ದರೆ 65 ವ್ಯಾಟ್‌ನ ರೈಜನ್ 5 7600 ಸಾಕು. ಅದರ ಜೊತೆ ಬರುವ ಪುಟ್ಟ ಕೂಲರ್ ಮಾತ್ರ ಪೆಟ್ಟಿಗೆಯಲ್ಲೇ ಇರಲಿ. ಅದು ಚಿಕ್ಕದು, ಲೋಡ್ ಬಿದ್ದರೆ ಜೋರಾಗಿ ತಿರುಗುತ್ತದೆ.

ಆದರೆ ನಿಜವಾಗಿ ಸದ್ದು ಮಾಡುವುದು ಗ್ರಾಫಿಕ್ಸ್ ಕಾರ್ಡ್. ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ ಗೊತ್ತಿಲ್ಲ. ಪ್ರೊಸೆಸರ್ ಕೂಲರ್‌ಗೆ ಸಾವಿರಾರು ರೂಪಾಯಿ ಸುರಿದು, 250 ವ್ಯಾಟ್ ಕಾರ್ಡಿನಲ್ಲಿ ಎಲ್ಲಕ್ಕಿಂತ ಅಗ್ಗದ ಎರಡು ಫ್ಯಾನಿನ ಮಾಡೆಲ್ ಹಾಕಿಸಿಕೊಳ್ಳುತ್ತಾರೆ. ಆರ್‌ಟಿಎಕ್ಸ್ 5070 ಅಂದರೆ 250 ವ್ಯಾಟ್. 5060 ಟಿಐ 180 ವ್ಯಾಟ್. ಒಂದೇ ಕಾರ್ಡನ್ನು ಬೇರೆಬೇರೆ ಮಾಡೆಲ್‌ಗಳಲ್ಲಿ ಮಾರುತ್ತಾರೆ, ಚಿಪ್ ಒಂದೇ ಆದರೂ ಹೀಟ್‌ಸಿಂಕ್ ದಪ್ಪ ಇದ್ದು ಮೂರು ಫ್ಯಾನ್ ಇರುವ ಮಾಡೆಲ್ ನಿಧಾನವಾಗಿ ತಿರುಗಿಯೇ ಕೆಲಸ ಮುಗಿಸುತ್ತದೆ. ಲಿಕ್ವಿಡ್ ಕೂಲರ್ ಬಿಟ್ಟಾಗ ಉಳಿಯುವ ದುಡ್ಡು ಇಲ್ಲಿ ಹಾಕಿ. ಮನೆಗೆ ತಂದಮೇಲೆ ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯಬಹುದಾದ ವ್ಯಾಟ್‌ನ ಮಿತಿ) ಶೇ 80ಕ್ಕೆ ಇಳಿಸಿ ನೋಡಿ. ವೇಗ ಸ್ವಲ್ಪವೇ ಇಳಿಯುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಮಾನಿಟರ್ 144 ಹರ್ಟ್ಸ್ ಇದ್ದರೆ, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸುವುದಾದರೆ, ಫ್ರೇಮ್ ರೇಟ್ ಅದರೊಳಗೇ ಕಟ್ಟಿಹಾಕಿ. ಮೆನು ತೆರೆದಾಗ ಕಾರ್ಡ್ ಸೆಕೆಂಡಿಗೆ ನಾನೂರು ಫ್ರೇಮ್ ಬಿಡಿಸುತ್ತಾ ಕೂಗುವುದು ಯಾರಿಗೆ ಬೇಕು?

ವ್ಯಾಟ್ ಕಡಿಮೆ ಇದ್ದರೆ ಇನ್ನೊಂದು ಉಪಕಾರ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ತಡೆಯುವುದು 360 ವ್ಯಾಟ್ ಅಷ್ಟೆ. ಆಟದ ಮಧ್ಯೆ ಕರೆಂಟ್ ಹೋದರೆ ದೊಡ್ಡ ಪಿಸಿಯನ್ನು ಅದು ಹಿಡಿದುಕೊಳ್ಳುವುದೇ ಇಲ್ಲ.

ಫ್ಯಾನ್ ವಿಷಯಕ್ಕೆ ಬರೋಣ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧ ಆಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧ ಆದ ಹಾಗೆ ಕೇಳುತ್ತದೆ. ಹಾಗಾಗಿ ದೊಡ್ಡ ಫ್ಯಾನ್ ಹಾಕಿ ನಿಧಾನವಾಗಿ ತಿರುಗಿಸುವುದೇ ಸರಿ. ಮನೆಯ ಸೀಲಿಂಗ್ ಫ್ಯಾನನ್ನೂ ಟೇಬಲ್ ಫ್ಯಾನನ್ನೂ ಒಂದಾದಮೇಲೊಂದು ಹಾಕಿ ಕೇಳಿ, ಗೊತ್ತಾಗುತ್ತದೆ. 140 ಎಂಎಂ ಫ್ಯಾನಿನ ವಿಸ್ತಾರ 120 ಎಂಎಂಗಿಂತ ಮೂರನೇ ಒಂದು ಪಾಲಿಗೂ ಜಾಸ್ತಿ. ಕೇಸಿನಲ್ಲಿ ಜಾಗ ಇದ್ದರೆ 140 ಹಾಕಿ.

ಇನ್ನೊಂದು ಮಾತು, ವೇಗ ಪದೇಪದೇ ಏರಿ ಇಳಿಯುವುದು ಒಂದೇ ಸಮನಾದ ಸದ್ದಿಗಿಂತ ಕಿರಿಕಿರಿ. ರೈಜನ್ ಪ್ರೊಸೆಸರ್‌ಗಳ ಟೆಂಪರೇಚರ್ ಒಂದು ಕ್ಷಣದಲ್ಲಿ ಮೇಲೆ ಹಾರಿ ಇಳಿಯುತ್ತದೆ, ಫ್ಯಾನ್ ಅದನ್ನೇ ಹಿಂಬಾಲಿಸುತ್ತದೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಫ್ಯಾನ್ ತಡವಾಗಿ ಏರುವ ಹಾಗೆ ಕೆಲವು ಸೆಕೆಂಡ್ ಕೊಡಿ. ಮೂರು ಪಿನ್ನಿನ ಫ್ಯಾನ್ ಇದ್ದರೆ ಅದನ್ನು ಚುಚ್ಚಿದ ಹೆಡರನ್ನು ಅಲ್ಲೇ ಡಿಸಿ ಮೋಡಿಗೆ ಹಾಕಿ, ಆಗ ವೋಲ್ಟೇಜ್ ಇಳಿಸಿ ವೇಗ ಇಳಿಸುತ್ತದೆ. ನಾಲ್ಕು ಪಿನ್ನಿನ ಫ್ಯಾನ್‌ಗೆ ಇರುವ ಪಿಡಬ್ಲ್ಯೂಎಂ ಮೋಡಿನಲ್ಲೇ ಬಿಟ್ಟರೆ ಅದು ಪೂರ್ತಿ ವೇಗದಲ್ಲೇ ತಿರುಗುತ್ತದೆ.

ಈಗ ಜೋಡಣೆ. ಎಲ್ಲರೂ ಪ್ರೊಸೆಸರ್ ಕೂರುವ ಸಾಕೆಟ್ ನೋಡುತ್ತಾರೆ, ಮಿಲಿಮೀಟರ್ ನೋಡುವುದಿಲ್ಲ. ನೋಕ್ಟುವಾ ಎನ್‌ಎಚ್-ಡಿ15 ಏರ್ ಕೂಲರ್‌ನ ಎತ್ತರ 165 ಎಂಎಂ. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ 155 ಎಂಎಂ. ಕೇಸಿನ ವಿವರದಲ್ಲಿ 160 ಅಂತಿದ್ದರೆ ಮೊದಲನೆಯದು ಹಾಕಿದಾಗ ಬದಿಯ ಬಾಗಿಲು ಮುಚ್ಚುವುದಿಲ್ಲ. ಇಷ್ಟಕ್ಕೇ ಮುಗಿಯುವುದಿಲ್ಲ. ಎತ್ತರದ ಲೈಟ್ ಇರುವ ರ‍್ಯಾಮ್ ಹಾಕಿದರೆ ಕೂಲರ್‌ನ ಮುಂದಿನ ಫ್ಯಾನ್ ಅದಕ್ಕೆ ತಾಗುತ್ತದೆ. ಫ್ಯಾನನ್ನು ಮೇಲೆ ಸರಿಸಬೇಕಾಗುತ್ತದೆ. ಆಗ ಒಟ್ಟು ಎತ್ತರ ಮತ್ತೆ ಜಾಸ್ತಿ. ಗಿಡ್ಡ ರ‍್ಯಾಮ್ ತೆಗೆದುಕೊಳ್ಳಿ, ಎರಡೇ ಸ್ಟಿಕ್ ತೆಗೆದುಕೊಳ್ಳಿ. ಈಗಿನ ಡಿಡಿಆರ್5 ರ‍್ಯಾಮ್ ನಾಲ್ಕು ಸ್ಟಿಕ್ ಹಾಕಿದರೆ ವೇಗ ಇಳಿಸಬೇಕಾಗಬಹುದು. ಮೇಲೆ ಹೇಳಿದ ರೈಜನ್‌ಗಳು ಕೂರುವ ಎಎಂ5 ಸಾಕೆಟ್‌ನ ಬೋರ್ಡ್‌ಗೆ ಹಳೆಯ ಡಿಡಿಆರ್4 ಕೂರುವುದೇ ಇಲ್ಲ. ಎಎಂ5ನದೇ ಬಿ650 ಬೋರ್ಡಿಗೆ ಅದಕ್ಕಿಂತ ಆಮೇಲೆ ಬಂದ ರೈಜನ್ 9000 ಸರಣಿ ಹಾಕುವವರು ಬಯಾಸ್ ಅಪ್‌ಡೇಟ್ ಮಾಡಿಯೇ ಕೊಡಿ ಅಂತ ಅಂಗಡಿಯಲ್ಲೇ ಕೇಳಿ.

ಕೇಸ್ ಮುಂದೆ ರೇಡಿಯೇಟರ್ ಕೂರಿಸಿದರೆ ಅದೂ ಅದರ ಫ್ಯಾನೂ ಸೇರಿ ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ತಿನ್ನುತ್ತವೆ. 330 ಎಂಎಂ ಉದ್ದದ ಕಾರ್ಡ್ ಆಮೇಲೆ ಹಿಡಿಸುತ್ತದಾ? ಹುಡುಗನ ಕೊಟೇಶನ್ ಇಲ್ಲೇ ಮುಗ್ಗರಿಸಿತ್ತು. ಅಂಗಡಿಯವರೇ ಅದನ್ನು ಕೂಡಿ ಕಳೆದು ಹೇಳಬೇಕಿತ್ತು, ಹೇಳಿರಲಿಲ್ಲ. ಲಕ್ಷಕ್ಕೂ ಮೇಲೆ ಬಿಲ್ ಮಾಡುವವರು ಗಿರಾಕಿಗೆ ಇಷ್ಟಾದರೂ ಮಾಡಿಕೊಡಬೇಕು. ಕೊನೆಗೆ ಅವನು 7600, ಏರ್ ಕೂಲರ್, ಮೂರು ಫ್ಯಾನಿನ 5070, 650 ವ್ಯಾಟ್‌ನ ಗೋಲ್ಡ್ ಪವರ್ ಸಪ್ಲೈ ತೆಗೆದುಕೊಂಡ. ಲೋಡ್ ಕಡಿಮೆ ಇದ್ದಾಗ ಫ್ಯಾನ್ ಪೂರ್ತಿ ನಿಲ್ಲುವ ಸಪ್ಲೈ ಅದು. ಹಾರ್ಡ್ ಡಿಸ್ಕ್ ಬೇಡವೇ ಬೇಡ ಅಂದೆ, ತಿರುಗುವ ಭಾಗವೇ ಇಲ್ಲದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದೆವು.

ಕೇಸ್ ಮಾತ್ರ ಗಾಜಿನದು ಬೇಡ, ಮುಂದೆ ಜಾಲರಿ ಇರುವುದೇ ಬೇಕು ಅಂತ ನಾನು ಹಟ ಹಿಡಿದೆ. ಒಳಗೆ ಫೋಮ್ ಅಂಟಿಸಿದ ಮುಚ್ಚಿದ ಕೇಸ್‌ಗಳೂ ಸಿಗುತ್ತವೆ. ತಂಪಾದ ಊರಿಗೆ ಅವು ಚೆನ್ನ. ನಮ್ಮ ಬೇಸಿಗೆ ಈಗ ಮೊದಲಿನ ಹಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ಎಸಿ ರೂಮಿನಲ್ಲಿ 22 ಡಿಗ್ರಿಯಲ್ಲಿ ಮಾಡಿದ ರಿವ್ಯೂ ನೋಡಿ ನೀವು ಕೂಲರ್ ಆರಿಸಿದ್ದೀರಿ ಅಂದುಕೊಳ್ಳಿ. ನಿಮ್ಮ ರೂಮ್ 33 ಇದ್ದರೆ ಪ್ರೊಸೆಸರ್‌ನ ಟೆಂಪರೇಚರ್‌ಗೂ ಹೆಚ್ಚುಕಡಿಮೆ ಅಷ್ಟೇ 11 ಡಿಗ್ರಿ ಸೇರುತ್ತದೆ. ಅದರ ಮೇಲೆ ನಾವು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಎತ್ತರ ಹೆಚ್ಚಿದಂತೆ ಗಾಳಿ ತೆಳು, ಅದೇ ಫ್ಯಾನ್ ಹೊತ್ತೊಯ್ಯುವ ಬಿಸಿ ಇಲ್ಲಿ ಸ್ವಲ್ಪ ಕಡಿಮೆ. ಇಂಥ ಕಡೆ ಗಾಳಿಯ ದಾರಿ ಮುಚ್ಚಿದರೆ ಒಳಗಿನ ಫ್ಯಾನ್‌ಗಳೆಲ್ಲ ಜೋರಾಗುತ್ತವೆ.

ಜಾಲರಿ ಕೇಸ್‌ಗೆ ಒಂದು ಕಷ್ಟ ಇದೆ, ಧೂಳು. ರಸ್ತೆ ಅಗೆತ, ಪಕ್ಕದ ಸೈಟಿನ ಕಟ್ಟಡ, ಮೆಟ್ರೊ ಕೆಲಸ, ಯಾವುದಾದರೊಂದು ಮನೆ ಹತ್ತಿರ ಇದ್ದೇ ಇರುತ್ತದೆ. ಗಾಳಿ ಒಳಗೆ ತಳ್ಳುವ ಫ್ಯಾನ್‌ಗಳು ಹೊರಗೆ ತಳ್ಳುವವಕ್ಕಿಂತ ಜಾಸ್ತಿ ಇರಲಿ. ಆಗ ಗಾಳಿ ಸಂದಿಗಳಿಂದ ನುಗ್ಗದೆ ಫಿಲ್ಟರ್ ಮೂಲಕವೇ ಬರುತ್ತದೆ. ಆ ಫಿಲ್ಟರನ್ನು ತಿಂಗಳಿಗೊಮ್ಮೆ ನಲ್ಲಿ ಕೆಳಗೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬೇಸಿಗೆ ಶುರುವಾಗುವ ಮೊದಲು ಒಂದು ಸಲ ಬ್ಲೋವರ್‌ನಿಂದ ಹೀಟ್‌ಸಿಂಕ್ ಊದಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.