ಫಲಕದ ಕೊನೆಯ ಸಾಲು

ಅಮೆರಿಕದ ವರ್ಜೀನಿಯಾ ರಾಜ್ಯದ ಹಳೆಯ ಒಂದನೆಯ ನಂಬರಿನ ಹೆದ್ದಾರಿಯಲ್ಲಿ ನನ್ನ ಜೊತೆ ಹೊರಟವರಿಗೆ ಸ್ವಲ್ಪ ತಾಳ್ಮೆ ಬೇಕು. ರಸ್ತೆಬದಿಯಲ್ಲಿ ಬೆಳ್ಳಿಬಣ್ಣದ ಚರಿತ್ರೆಯ ಫಲಕ ಕಂಡರೆ ನಾನು ಕಾರು ನಿಲ್ಲಿಸದೆ ಮುಂದೆ ಹೋಗುವವನಲ್ಲ. ಊರಿನಿಂದ ಬಂದಿದ್ದ ಅಮ್ಮ, ಮೂರನೆಯ ಸಲ ನಿಲ್ಲಿಸಿದಾಗ, "ಏನಪ್ಪಾ ಅದು, ಊರಿನ ಹೆಸರು ಬರೆಯಲು ಇಷ್ಟೊಂದು ಅಕ್ಷರ ಬೇಕೇ?" ಎಂದರು.

ಊರಿನ ಹೆಸರಲ್ಲ, ಊರಿನ ಕಥೆ. ಮೋಟಾರು ಬಂದು ಜನ ಊರೂರು ಸುತ್ತಲು ಶುರುಮಾಡಿದ ಕಾಲದಲ್ಲಿ, 1927ರಲ್ಲಿ, ವರ್ಜೀನಿಯಾ ಇದೇ ರಸ್ತೆಯಲ್ಲಿ ಈ ಫಲಕಗಳನ್ನು ನೆಡಲು ಆರಂಭಿಸಿತು. ಈಗ ರಾಜ್ಯದ ಉದ್ದಗಲಕ್ಕೂ ಎರಡೂವರೆ ಸಾವಿರಕ್ಕಿಂತ ಹೆಚ್ಚಿವೆ. ಎರಡೂ ಕಡೆಯಿಂದ ಬರುವವರು ಓದಲೆಂದು ಎರಡೂ ಮುಖದಲ್ಲಿ ಬರಹ, ತಲೆಯ ಮೇಲೆ ರಾಜ್ಯಮುದ್ರೆ. ಹಲವು ರಾಜ್ಯಗಳ ಫಲಕಗಳನ್ನು ಎರಕ ಹೊಯ್ಯುವುದು ಒಹಾಯೊದ ಸೀವಾ ಸ್ಟುಡಿಯೋಸ್. ಸ್ಥಾಪಕ ಹಾಸ್ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಕಂಪನಿಗೆ ಇಟ್ಟನಂತೆ. ಊರೂರ ಹೆಸರು ಎರಕ ಹೊಯ್ದವನು ತನ್ನ ಹೆಸರನ್ನು ಮಾತ್ರ ತಿರುವಿಟ್ಟ!

ಫಲಕವನ್ನು ಕೆಳಗಿನಿಂದ ಓದಬೇಕು ಎನ್ನುವುದು ನನ್ನ ವಾದ. ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ ಸಂಸ್ಥೆಯ ಹೆಸರೂ ಇಸವಿಯೂ ಇರುತ್ತವೆ. ಕಣ್ಣು ಮೊದಲು ಅಲ್ಲಿಗೆ ಹೋಗಲಿ. ಇಪ್ಪತ್ತು ಮೂವತ್ತರ ದಶಕದ್ದಾದರೆ ಸೇನಾಧಿಪತಿ, ಕದನ, ದೊಡ್ಡ ಮನೆ, ಚರ್ಚು ಇವೇ ಹೆಚ್ಚು. ಆ ದೊಡ್ಡ ಮನೆಯ ಹೊಲದಲ್ಲಿ ದುಡಿದ ಗುಲಾಮರು ಹುಡುಕಿದರೂ ಸಿಗುವುದು ಕಷ್ಟ. ಇದೇ ರಾಜ್ಯ 2017ರಲ್ಲಿ ರಿಚ್‌ಮಂಡ್‌ನಲ್ಲಿ ಲವಿಂಗ್ ದಂಪತಿಯ ಮೊಕದ್ದಮೆಗೆ ಫಲಕ ನಿಲ್ಲಿಸಿತು. ಬಿಳಿಯ ರಿಚರ್ಡ್, ಕಪ್ಪು ಮಹಿಳೆ ಮಿಲ್ಡ್ರೆಡ್. 1958ರಲ್ಲಿ ಮದುವೆಯಾದ ತಪ್ಪಿಗೆ ಮಲಗುವ ಕೋಣೆಗೇ ಪೊಲೀಸರು ನುಗ್ಗಿದರು. ಜೈಲು ಬೇಡವೆಂದರೆ 25 ವರ್ಷ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬೇಡಿ ಎಂದ ನ್ಯಾಯಾಧೀಶ. 1967ರಲ್ಲಿ ಸುಪ್ರೀಂ ಕೋರ್ಟು, ಬಿಳಿಯರು ಕಪ್ಪುಜನರನ್ನು ಮದುವೆಯಾಗಬಾರದು ಎನ್ನುವ ಆ ಕಾನೂನನ್ನೇ ಅಳಿಸಿಹಾಕಿತು. ತೀರ್ಪು ಎರಕಕ್ಕೆ ಬರಲು ಮತ್ತೆ ಐವತ್ತು ವರ್ಷ ಹಿಡಿಯಿತು.

ಹಳೆಯ ಒಕ್ಕಣೆಯ ಫಲಕ ತೆಗೆದು ಹೊಸದು ನೆಡುವ ಕೆಲಸವೂ ನಡೆದಿದೆ. ಸಂತೋಷ. ಆದರೆ ತೆಗೆದದ್ದನ್ನು ಗುಜರಿಗೆ ಹಾಕಬಾರದು. 1929ರಲ್ಲಿ ಊರಿನವರು ಏನನ್ನು ಹೇಳದೆ ಬಿಟ್ಟರು ಎಂಬುದೂ ಚರಿತ್ರೆಯೇ.

ಫಲಕ ಎಂದರೆ ತಗಡು ತಾನೇ ಎನ್ನುವವರು ಮಿಸಿಸಿಪ್ಪಿಯ ಟಾಲಹಾಚಿ ನದಿಯ ದಡಕ್ಕೆ, ಗ್ರಾಬಾಲ್ ಲ್ಯಾಂಡಿಂಗ್‌ಗೆ ಹೋಗಬೇಕು. ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು 1955ರ ಆಗಸ್ಟ್‌ನಲ್ಲಿ ಕೊಂದು, ಕೊರಳಿಗೆ ಹತ್ತಿ ಗಿರಣಿಯ ಫ್ಯಾನನ್ನು ಮುಳ್ಳುತಂತಿಯಲ್ಲಿ ಬಿಗಿದು ಇದೇ ನದಿಗೆ ಎಸೆದಿದ್ದರು. ಬಿಳಿಯರೇ ತುಂಬಿದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಮರುವರ್ಷ ಅವರೇ ಪತ್ರಿಕೆಯೊಂದಕ್ಕೆ, ಹೌದು, ಕೊಂದೆವು ಎಂದರು. ಅವನ ನೆನಪಿಗೆ ಅಲ್ಲಿ ನೆಟ್ಟ ಮೊದಲ ಫಲಕವನ್ನು 2008ರಲ್ಲಿ ಕಿತ್ತು ನದಿಗೆ ಎಸೆದರು. ಎರಡನೆಯದು ಗುಂಡೇಟಿಗೆ ಜರಡಿಯಾಯಿತು. 2018ರಲ್ಲಿ ನೆಟ್ಟ ಮೂರನೆಯದಕ್ಕೆ 35 ದಿನದೊಳಗೆ ಗುಂಡು ಬಿತ್ತು. ನಾಲ್ಕನೆಯದು 2019ರಲ್ಲಿ ಬಂದಿತು: ಗುಂಡು ತೂರದ ಉಕ್ಕು, ತೂಕ ಐನೂರು ಪೌಂಡು. ನಮ್ಮ ಶಾಸನಗಳು ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಶಪಿಸಿ ಸುಮ್ಮನಾಗುತ್ತಿದ್ದವು. ಇಲ್ಲಿ ಪಾಪದ ಹೆದರಿಕೆ ಸಾಲಲಿಲ್ಲ.

ಜರಡಿಯಾದ ಆ ಎರಡನೆಯ ಫಲಕವನ್ನು 2021ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತ್ತು. ನೋಡಿ ಬಂದೆ. ಅಭ್ಯಾಸಬಲದಿಂದ ಕೊನೆಯ ಸಾಲಿನಿಂದಲೇ ಓದಲು ಹೊರಟೆ. ಕಣ್ಣು ತೂತಿನಿಂದ ತೂತಿಗೆ ಹೋಗುತ್ತಿತ್ತು. ಪಕ್ಕದಲ್ಲಿ ಒಬ್ಬಳು ಹುಡುಗಿ ತುಟಿಯಲ್ಲೇ ತೂತುಗಳನ್ನು ಎಣಿಸುತ್ತಿದ್ದಳು. ನಡುವೆ ಲೆಕ್ಕ ತಪ್ಪಿತೇನೋ, ಮತ್ತೆ ಒಂದರಿಂದ ಶುರುಮಾಡಿದಳು.