ಹತ್ತು ನಿಮಿಷದ ಕೆಲಸವಂತೆ, ಸೋಲ್ಡರಿಂಗ್ ಬೇಡವಂತೆ!

ನಿಂಟೆಂಡೊದ ಕೈಲಿ ಹಿಡಿದು ಆಡೋ ಹಳೇ ಗೇಮ್ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಐಪಿಎಸ್ (ಸ್ವಂತ ಬೆಳಕಿರೋ ಹೊಸ ಥರದ) ಸ್ಕ್ರೀನ್ ಕಿಟ್ ಮಾರೋರಿಗೆ ನಾಚಿಕೆ ಅನ್ನೋದು ಇದ್ಯಾ? ಜಾಹೀರಾತು ನೋಡಿದ್ರೆ ‘ಹಾಕಿ, ಮುಚ್ಚಿ, ಆಡಿ’. ಪ್ಯಾಕೆಟ್ ಒಡೆದ್ರೆ ಒಂದು ಪ್ಯಾನೆಲ್, ಒಂದೋ ಎರಡೋ ರಿಬ್ಬನ್ (ಸ್ಕ್ರೀನನ್ನ ಬೋರ್ಡ್‌ಗೆ ಜೋಡಿಸೋ ಚಪ್ಪಟೆ ಕೇಬಲ್), ಕೂದಲೆಳೆಯಂಥ ಮೂರು ವೈರು. ಹೇಗೆ ಹಾಕ್ಬೇಕು ಅಂತ ಒಂದು ಚೀಟಿ ಕೂಡ ಇರಲ್ಲ.

ಆಸೆ ಪಡೋರ ತಪ್ಪೇನಿಲ್ಲ. 2001ರಲ್ಲಿ ಬಂದ ಮೊದಲ ಮಾಡೆಲ್‌ನ ಸ್ಕ್ರೀನಿಗೆ ಸ್ವಂತ ಬೆಳಕೇ ಇಲ್ಲ. ಕಿಟಕಿ ಪಕ್ಕ ಕೂತು, ಕೈ ಓರೆ ಮಾಡಿ, ಕಣ್ಣು ಕಿರಿದು ಮಾಡಿ ಆಡ್ಬೇಕು. ಬೆಳಕಿರೋ ಸ್ಕ್ರೀನ್ ಹಾಕಿದ್ರೆ ಅದೇ ಗೇಮ್ ಬೇರೆಯದೇ ಗೇಮ್ ಥರ ಕಾಣುತ್ತೆ, ನಿಜ. ಆದ್ರೆ ಸುಳ್ಳು ಯಾಕೆ ಹೇಳ್ತೀರಿ?

ಮೊದಲ ಸುಳ್ಳು ಬಾಡಿದು. ಹಿಂದೆ ಆರು ಟ್ರೈ-ವಿಂಗ್ (ತಲೆಯಲ್ಲಿ ಮೂರು ಗೀರಿನ) ಸ್ಕ್ರೂ, ಸೆಲ್ ಹಾಕೋ ಜಾಗದಲ್ಲಿ ಒಂದು ಸ್ಟಾರ್ (ಫಿಲಿಪ್ಸ್) ಸ್ಕ್ರೂ, ಬಿಚ್ಚಿದ್ರಿ. ಬೋರ್ಡ್ ಎತ್ತಿದ್ರಿ. ಹೊಸ ಪ್ಯಾನೆಲ್ ಹಳೇದಕ್ಕಿಂತ ದೊಡ್ಡದು, ಕೂರೋದೇ ಇಲ್ಲ! ಮುಂದಿನ ಬಾಡಿಯ ಒಳಗೆ ಸ್ಕ್ರೀನ್ ಸುತ್ತ ಇರೋ ಪ್ಲಾಸ್ಟಿಕ್ ಗೋಡೆಗಳನ್ನ ಫ್ಲಶ್ ಕಟ್ಟರ್‌ನಲ್ಲಿ ಕತ್ತರಿಸಿ, ಉಳಿದ ಮೊಂಡನ್ನ ಅರದಲ್ಲಿ ಉಜ್ಜಬೇಕು. ಅರ್ಧ ಮಿಲಿಮೀಟರ್ ಮೊಂಡು ಉಳಿದ್ರೂ ಸಾಕು, ಸ್ಕ್ರೂ ಬಿಗಿ ಮಾಡ್ದಾಗ ಗಾಜಿನ ಮೂಲೆ ‘ಟಕ್’ ಅನ್ನುತ್ತೆ. ಬಿರುಕು ಬಿಡದಿದ್ರೂ ಒತ್ತಡದ ಕಲೆ ಬಿದ್ದೇ ಬೀಳುತ್ತೆ. 2020ರ ನವೆಂಬರ್‌ನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ಭಾರತದಲ್ಲಿ ಬ್ಯಾನ್ ಆದಮೇಲೆ ನಮ್ಮಲ್ಲಿ ನೇರವಾಗಿ ತರಿಸೋ ಸುಲಭದ ದಾರಿ ಮುಚ್ಚಿತು. ನಾಲ್ಕು ಕೈ ದಾಟಿ ಬಂದ ಪ್ಯಾನೆಲ್ ಒಡೆದ್ರೆ ಯಾರಿಗೆ ಅಂತ ವಾಪಸ್ ಕಳಿಸೋದು? ಬಾಡಿ ಕತ್ತರಿಸಲೇಬೇಕು, ಇಲ್ಲಾಂದ್ರೆ ಮೊದಲೇ ಕತ್ತರಿಸಿದ ಬಾಡಿ ತಗೊಳ್ಬೇಕು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ?

ಇನ್ನು ರಿಬ್ಬನ್. ಬೋರ್ಡ್‌ಗಳಲ್ಲಿ ಎರಡು ಜಾತಿ: 32 ಪಿನ್, 40 ಪಿನ್. ಹೊರಗಿಂದ ನೋಡಿ ಅಂದಾಜು ಮಾಡೋದಕ್ಕಿಂತ ಬಿಚ್ಚಿ ಕನೆಕ್ಟರ್ ನೋಡೋದೇ ಖಾತ್ರಿ. ಕಿಟ್ ಜೊತೆ ಒಂದೇ ರಿಬ್ಬನ್ ಕೊಟ್ಟು ‘ಎಲ್ಲದಕ್ಕೂ ಆಗುತ್ತೆ’ ಅನ್ನೋನ ಮಾತು ನಂಬಬೇಡಿ. ಕನೆಕ್ಟರ್‌ನ ಎರಡೂ ತುದಿಯಲ್ಲಿ ಉಗುರಿನ ತುದಿಗಿಂತ ಚಿಕ್ಕ ಕಿವಿಗಳಿರುತ್ತೆ. ಅವನ್ನ ಮೇಲಕ್ಕೆ ಎತ್ತೋದಲ್ಲ. ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ, ಒಂದೊಂದು ಮಿಲಿಮೀಟರ್ ಹೊರಕ್ಕೆ ಜಾರಿಸೋದು. ಇಪ್ಪತ್ತು ವರ್ಷ ದಾಟಿದ ಪ್ಲಾಸ್ಟಿಕ್ಕು, ಎತ್ತಿದ್ರೆ ಹಪ್ಪಳ.

ಆದ್ರೆ ಪಿತ್ತ ನೆತ್ತಿಗೇರೋದು ಇಲ್ಲಿ. ಎಲ್ಲ ಸರಿ ಹಾಕಿದ್ರೂ ಆನ್ ಮಾಡಿದ ತಕ್ಷಣ ಸ್ಕ್ರೀನ್ ಮಿನುಗುತ್ತೆ, ಬ್ರೈಟ್‌ನೆಸ್ ಏರಿಸಿದ್ರೆ ಗೇಮ್ ರೀಸೆಟ್ ಆಗುತ್ತೆ. ಮಾರಿದೋನನ್ನ ಕೇಳಿ: ‘ನಿಮ್ಮ ಬೋರ್ಡ್ ಹೋಗಿದೆ ಸಾರ್, ಇನ್ನೊಂದು ತಗೊಳ್ಳಿ.’ ಬೋರ್ಡ್ ಹೋಗಿಲ್ಲ ಮಾರಾಯಾ! ಪವರ್ ಸ್ವಿಚ್ ಒಳಗೆ ಕಿಲುಬು. ಹಳೇ ಸ್ಕ್ರೀನಿಗೆ ಬೇಕಾದ ಕರೆಂಟ್ ಕಮ್ಮಿ, ಹಾಗಾಗಿ ಇಷ್ಟು ದಿನ ಗೊತ್ತಾಗಿರಲಿಲ್ಲ. ಬ್ಯಾಕ್‌ಲೈಟ್ (ಸ್ಕ್ರೀನ್ ಹಿಂದಿನ ದೀಪ) ಬಂದಮೇಲೆ ಜಾಸ್ತಿ ಎಳೆಯುತ್ತೆ. ಲೆಕ್ಕ ನೋಡಿ: ಸ್ವಿಚ್‌ನಲ್ಲಿ 1 ಓಮ್ ತಡೆ, ಹರಿಯೋದು 200 ಮಿಲಿಆಂಪ್ ಅಂದ್ರೆ 0.2 ವೋಲ್ಟ್ ಅಲ್ಲೇ ಸ್ವಾಹಾ. ಇರೋದೇ ಎರಡು ಸೆಲ್‌ನ 3 ವೋಲ್ಟ್.

ಗೇಮ್ ಓಡ್ತಿರುವಾಗ ಸ್ವಿಚ್‌ನ ಈ ಕಡೆ ಆ ಕಡೆ ಮಲ್ಟಿಮೀಟರ್ ಇಟ್ಟು ನೋಡಿ. ಸೊನ್ನೆ ಹತ್ತಿರ ಇರಬೇಕು, 0.1 ವೋಲ್ಟ್ ದಾಟಿದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಸೆಲ್ ತೆಗೆದು, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಬಿಟ್ಟು, ಸ್ವಿಚ್ ಐವತ್ತು ಸಲ ಹಿಂದೆ ಮುಂದೆ ಆಡಿಸಿ, ಪೂರ್ತಿ ಒಣಗಿಸಿ. ಜಗ್ಗದಿದ್ರೆ ಸ್ವಿಚ್ ಕಳಚಿ, ಮೇಲಿನ ತಗಡು ಬಿಡಿಸಿ, ಒಳಗಿನ ಕಾಂಟ್ಯಾಕ್ಟ್ ಒರೆಸಬೇಕು. ತುಕ್ಕು ಬಿಡಿಸೋ ಸ್ಪ್ರೇ ಹೊಡೀಬೇಡಿ, ಅದರ ಎಣ್ಣೆ ಅಲ್ಲೇ ಕೂತು ಧೂಳು ಹಿಡಿಯುತ್ತೆ. ಎರಡು ಹನಿಯಲ್ಲಿ ಮುಗಿಯೋ ಕೆಲಸಕ್ಕೆ ಹೊಸ ಬೋರ್ಡ್ ಮಾರ್ತಾರೆ ಇವರು!

ಸೆಲ್ಲೂ ಅಷ್ಟೇ. ಕಿರಾಣಿ ಅಂಗಡೀಲಿ ಗೋಡೆ ಗಡಿಯಾರಕ್ಕೆ ಕೊಡ್ತಾರಲ್ಲ, ಆ ಜಿಂಕ್-ಕಾರ್ಬನ್ ಸೆಲ್ ಇದಕ್ಕೆ ಆಗಲ್ಲ. ಜಾಸ್ತಿ ಕರೆಂಟ್ ಕೇಳಿದ್ರೆ ವೋಲ್ಟೇಜ್ ಕುಸಿಯುತ್ತೆ. ಆಲ್ಕಲೈನ್ ಹಾಕಿ, ಇಲ್ಲಾ ಒಳ್ಳೆ ರೀಚಾರ್ಜಬಲ್ ಹಾಕಿ. ರೀಚಾರ್ಜಬಲ್ ತಲಾ 1.2 ವೋಲ್ಟ್, ಆದ್ದರಿಂದ ಚಾರ್ಜ್ ಇನ್ನೂ ಇದ್ರೂ ‘ಸೆಲ್ ಮುಗೀತು’ ಅನ್ನೋ ಕೆಂಪು ದೀಪ ಬೇಗ ಬರಬಹುದು. ಅದಕ್ಕೂ ‘ಬೋರ್ಡ್ ಹೋಗಿದೆ’ ಅಂದ್ರೆ ನಗಬೇಕೋ ಅಳಬೇಕೋ.

‘ಸೋಲ್ಡರಿಂಗ್ ಬೇಡ’ ಅನ್ನೋದು ಅರ್ಧ ಸತ್ಯ. ಚಿತ್ರ ಬರೋಕೆ ಬೇಡ. ಬಟನ್‌ನಿಂದ ಬ್ರೈಟ್‌ನೆಸ್ ಬದಲಿಸೋಕೆ ಆ ಮೂರು ವೈರನ್ನ ಬೋರ್ಡ್ ಮೇಲಿನ ಸೆಲೆಕ್ಟ್, ಎಲ್, ಆರ್ ಬಟನ್‌ಗಳ ಪಾಯಿಂಟ್‌ಗಳಿಗೆ ಸೋಲ್ಡರ್ ಮಾಡಲೇಬೇಕು. ಬಿಸಿ ಐರನ್ ಜಾಸ್ತಿ ಹೊತ್ತು ಇಟ್ರೆ ಬೋರ್ಡ್‌ನ ತಾಮ್ರದ ಪ್ಯಾಡೇ ಎದ್ದು ಬರಬಹುದು.

ಪ್ಯಾನೆಲ್ ಎಷ್ಟು ಪಿಕ್ಸೆಲ್‌ದು ಅಂತಾನೂ ಹೇಳಲ್ಲ. ಮೂಲ 240×160. ಹೊಸದು ಅದರ ಸರಿಯಾದ ಎರಡರಷ್ಟು 480×320 ಅಥವಾ ಮೂರರಷ್ಟು 720×480 ಇದ್ರೆ ಚಿತ್ರ ಚೊಕ್ಕ. ಮಧ್ಯದ ಯಾವುದೋ ಅಳತೆಗೆ ಎಳೆದಿದ್ರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ತೆಳು, ಸ್ಕ್ರೋಲ್ ಆದಾಗ ಅಕ್ಷರಗಳು ಕುಣಿಯುತ್ತೆ.

ಕೊನೇದು, ರಿಪೇರಿಗೆ ಕೊಡೋರು ಕೇಳಿಸ್ಕೊಳ್ಳಿ. ‘ಫುಲ್ ಹೊಸದು ಮಾಡಿದೀನಿ’ ಅಂತ ಬಟನ್ ಕೆಳಗಿನ ಮೂಲ ರಬ್ಬರ್ ಪ್ಯಾಡ್‌ಗಳನ್ನೂ ಬದಲಿಸಿ ಕೊಡ್ತಾರೆ. ಹೊಸ ಅಗ್ಗದ ಪ್ಯಾಡ್ ಒತ್ತಿದ್ರೆ ಹಳೇ ಚಪ್ಪಲಿ ಅಟ್ಟೆ ಒತ್ತಿದ ಹಾಗಿರುತ್ತೆ. ಬಿಚ್ಚಿದ ಪ್ಯಾಡು, ಸ್ಕ್ರೀನು, ಸ್ಕ್ರೂ ಎಲ್ಲ ಒಂದು ಕವರಲ್ಲಿ ಹಾಕಿ ಕೊಡಿ ಅಂತ ಮೊದಲೇ ಹೇಳಿ. ‘ಅದು ಕಸ ಸಾರ್, ಎಸೆದ್ವಿ’ ಅಂತಾರೆ. ಎಸೆದಿರಲ್ಲ. ಮುಂದಿನ ವಾರ ‘ಒರಿಜಿನಲ್ ಪಾರ್ಟ್’ ಅಂತ ಬೇರೆ ಯಾರಿಗೋ ಮಾರ್ತಿರ್ತಾರೆ.