ಖಾಲಿ ಫಾರಂಗೆ ಸಹಿ ಹಾಕಬೇಡಿ

ಚಿಕಿತ್ಸೆ ವಿಷಯದಲ್ಲಿ ಡಾಕ್ಟರ್ ಜೊತೆ ಒಮ್ಮತ ಇಲ್ಲದಿದ್ದರೆ ನೇರ ಕೋರ್ಟಿಗೆ ಹೋಗಿ ಅಂತ ಲೇಖನದಲ್ಲಿ ಬರೆದಿದ್ದೀರಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಪ್ಪ ಐಸಿಯುನಲ್ಲಿದ್ದಾಗ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಬೇಕು ಅಂತ ಡಾಕ್ಟರ್, ಬೇಡವೇ ಬೇಡ ಅಂತ ಅಣ್ಣ, ಮಧ್ಯದಲ್ಲಿ ಪೆನ್ನು ಹಿಡಿದು ನಿಂತವಳು ನಾನು. ಒಪ್ಪಿಗೆ ಫಾರಂನಲ್ಲಿ ಅರ್ಧ ಜಾಗ ಖಾಲಿ ಇತ್ತು. ಸಹಿ ಮಾಡಿ, ಆಮೇಲೆ ತುಂಬ್ತೀವಿ ಅಂದರು. ದಯವಿಟ್ಟು ಯಾರೂ ಹಾಗೆ ಸಹಿ ಹಾಕಬೇಡಿ.

ಆವತ್ತೇ ಒಬ್ಬ ವಕೀಲರಿಗೆ ಫೋನ್ ಮಾಡಿದೆ. ಅವರು ಕೇಸಿನ ಮಾತೇ ಎತ್ತಲಿಲ್ಲ. ಕೇಸ್ ಶೀಟ್, ಅಂದರೆ ಚಿಕಿತ್ಸೆಯ ದಾಖಲೆಯ ಪ್ರತಿ ಬೇಕು ಅಂತ ಆಸ್ಪತ್ರೆಗೆ ಬರೆದು ಕೊಡಿ, ತಾರೀಕು ಹಾಕಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ ಅಂದರು. ಆ ಪ್ರತಿ ನೋಡಿದ ಇನ್ನೊಬ್ಬ ಡಾಕ್ಟರ್ ಹತ್ತು ನಿಮಿಷ ಕೂತು ಟ್ಯೂಬ್ ಯಾಕೆ ಬೇಕು ಅಂತ ಬಿಡಿಸಿ ಹೇಳಿದ ಮೇಲೆ ಅಣ್ಣನೇ ಸಹಿ ಹಾಕಿದ. ಮೊದಲೇ ಹೀಗೆ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ, ಅಲ್ವಾ?

ಒಪ್ಪಿಗೆ ಅಂದರೆ ಸುಮ್ನೆ ಸಹಿಯಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಸಾಲದು, ಪ್ರಾಣಾಪಾಯದಂಥ ತುರ್ತು ಇದ್ದರೆ ಮಾತು ಬೇರೆ ಅಂತ ಭಾರತದ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮುಖ್ಯವಾದ ಅಪಾಯಗಳನ್ನೂ ಬೇರೆ ದಾರಿಗಳನ್ನೂ ರೋಗಿಗೆ ತಿಳಿಸಲೇಬೇಕು ಅಂತ ಬ್ರಿಟನ್ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಕೋರ್ಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ ದಾಖಲೆ ಕೊಡದಿದ್ದರೆ, ಬೇಡ ಅಂದದ್ದನ್ನು ಮಾಡಿದ್ದರೆ ತಡಮಾಡದೆ ವಕೀಲರನ್ನು ನೋಡಿ, ದೂರಿಗೆ ಕಾಲಮಿತಿ ಇರುತ್ತದೆ.